ಒಂಬತ್ತನೆಯ ಮಹಡಿ

ವರ್ಕೆತಿಲಿಯ ಹಳೇ ಕಟ್ಟಡದ ಲಿಫ್ಟು
ಹತ್ತು ತೆತ್ರಿ ಬಿಲ್ಲೆ ನುಂಗದೆ ಅಲುಗುವುದಿಲ್ಲ.
ಓತಿಯಾ ಬಿಲ್ಲೆಗೆ ತೂತು ಕೊರೆದು
ಅಮ್ಮನ ಹೊಲಿಗೆ ಡಬ್ಬದ ನೂಲು ಕಟ್ಟಿ
ಒಳಗಿಳಿಸಿ, ಟಕ್ ಎಂದೊಡನೆ ಎಳೆದುಕೊಳ್ಳುತ್ತಿದ್ದ.
ಒಂದೇ ಬಿಲ್ಲೆಯಲ್ಲಿ ಆರು ವರ್ಷ
ಏರಿದೆವು, ನಾಲ್ವರೂ.

ಈಗ ಅದನ್ನು ರಿಪೇರಿ ಮಾಡುವವನು ನಾನೇ.
ಟಿಬಿಲಿಸಿಯ ಈ ಮಗ್ಗುಲಲ್ಲಿ ನನ್ನ ಪಾಲಿಗೆ ನಲವತ್ತೊಂದು ಲಿಫ್ಟು,
ಒಂದು ಗ್ರೀಸ್ ಡಬ್ಬ, ಒಂದು ಟಾರ್ಚು,
ಎಡಗಿವಿಯೊಳಗೆ ಒಂದು ಜೀರುಂಡೆ.
ಡಾಕ್ಟರಮ್ಮ ಅಂದರು: ಅದು ಹೋಗುವುದಿಲ್ಲ, ಒಗ್ಗಿಕೋ.
ಜೀರುಂಡೆಯ ಮಾತೋ, ಬೇರೆ ಯಾವುದರದೋ,
ಕೇಳಲಿಲ್ಲ.

ಹೆಲ್ಮಂಡಿನಿಂದ ಮೂರು ಪೆಟ್ಟಿಗೆ, ಒಂದೇ ವಿಮಾನ.
ನಾನೊಬ್ಬ ಸೀಟಿನಲ್ಲಿ, ಬೆಲ್ಟು ಬಿಗಿದುಕೊಂಡು.
ಮುಂದಿನ ಗಾಡಿಯಲ್ಲಿ ಕೂರಬೇಕಾದವನು ನಾನು.
ಹಲ್ಲುನೋವು. ಹಿಂದಿನದು ಅಷ್ಟು ಕುಲುಕುವುದಿಲ್ಲವೆಂದು
ಮಾಲ್ಖಾಜ್ ತನ್ನ ಜಾಗ ಬಿಟ್ಟುಕೊಟ್ಟ.
ಆ ಹಲ್ಲು ಕೀಳಿಸಿಲ್ಲ ಇನ್ನೂ.
ತಣ್ಣೀರು ತಾಗಿದಾಗಲೆಲ್ಲ ಜುಮ್ಮೆನ್ನುತ್ತದೆ;
ಇರಲಿ ಬಿಡು, ಅನ್ನುತ್ತೇನೆ.

ತಾರಿಯೆಲ್‌ನ ಕೊನೆಯ ಮೆಸೇಜು ಫೋನಿನಲ್ಲಿದೆ:
ಸಿಗರೇಟಿದೆಯಾ ನಿನ್ನ ಹತ್ರ?
ನಾನದನ್ನು ನೋಡಿದ್ದು ಮರುದಿನ ಸಂಜೆ.
ಏಳು ತಿಂಗಳು ಕಳೆದು ಉತ್ತರ ಬರೆದೆ: ಇದೆ.
ಒಂದು ಟಿಕ್ಕು ಬಿತ್ತು. ಎರಡನೆಯದು ಬೀಳಲಿಲ್ಲ.
ಸೇದುವುದು ಬಿಟ್ಟಿದ್ದೇನೆ. ಆದರೂ ಕೋಟಿನಲ್ಲೊಂದು ಪ್ಯಾಕು.
ಆಡಿದ ಮಾತು ಸುಳ್ಳಾಗಬಾರದಲ್ಲ.

ಔತಣದಲ್ಲಿ ಮೇಜಿನ ಹಿರಿಯ ಎದ್ದು
ಸತ್ತವರ ಹೆಸರಲ್ಲಿ ಲೋಟ ಎತ್ತುತ್ತಾನೆ.
ಎಲ್ಲರೂ ರೊಟ್ಟಿಯ ಚೂರಿನ ಮೇಲೆ ನಾಲ್ಕು ಹನಿ ವೈನು ಬಿಡುತ್ತಾರೆ.
ಅದರ ಬೆನ್ನಿಗೇ ಮಕ್ಕಳ ಹೆಸರಲ್ಲಿ ಲೋಟ,
ಅದು ನಮ್ಮ ಕಡೆಯ ರೂಢಿ.
ನನ್ನ ಕೈ ಮಾತ್ರ ಆ ಎರಡರ ನಡುವೆ ನಿಂತುಬಿಡುತ್ತದೆ,
ಮಹಡಿಗಳ ಮಧ್ಯೆ ಕೆಟ್ಟುಹೋದ ಲಿಫ್ಟು,
ಒಳಗೆ ಯಾರೋ ಬಾಗಿಲು ಬಡಿಯುತ್ತ.

ಇವತ್ತು ಓತಿಯಾನ ತಾಯಿ ಸಿಯಾಲಾ ಫೋನು ಮಾಡಿದಳು.
ಲಿಫ್ಟು ಕೆಟ್ಟಿದೆಯಂತೆ.
ಕೆಟ್ಟಿಲ್ಲ. ತಿಂಗಳಿಗೊಮ್ಮೆ ಹೀಗೇ ಕೆಡುತ್ತದೆ.
ಅವಳಿಗೂ ಗೊತ್ತು, ನನಗೂ ಗೊತ್ತು.
ಬಿಚ್ಚುತ್ತೇನೆ, ಗ್ರೀಸು ಹಚ್ಚುತ್ತೇನೆ,
ಬೇಕೆಂದೇ ಮೊಣಕೈತನಕ ಮಸಿ ಮಾಡಿಕೊಳ್ಳುತ್ತೇನೆ.
ಬೀಗದ ಕೈ ನನ್ನಲ್ಲೇ ಇದೆ, ಪುಕ್ಕಟೆ ಏರಬಹುದು.
ಆದರೂ ಬಿಲ್ಲೆ ಹಾಕುತ್ತೇನೆ, ಹೋದಾಗಲೆಲ್ಲ ಒಂದು.
ಆರು ವರ್ಷದ ಬಾಕಿ, ಎರಡು ಸಾವಿರದ ಚಿಲ್ಲರೆ.
ಅವಸರವೇನಿಲ್ಲ.

ಅವಳು ಸೋಪು ಹಿಡಿದು ನಿಂತಿರುತ್ತಾಳೆ,
ಕೈಮೇಲೆ ಬಿಸಿನೀರು ಹೊಯ್ಯುತ್ತಾಳೆ.
ಮಡಕೆಯಲ್ಲಿ ಬೆಂದ ಕೆಂಪು ಬೀನ್ಸು, ಜೋಳದ ರೊಟ್ಟಿ.
ಯಾರ ತಟ್ಟೆಯೆಂದು ಅವಳು ಹೇಳುವುದಿಲ್ಲ.
ಮೂರು ವರ್ಷ ಕೇಳದ್ದನ್ನು ಇವತ್ತು,
ಬೆನ್ನು ತಿರುಗಿಸಿ ನಿಂತು, ಕೇಳಿದಳು:
ಕೊನೆಗೆ ಏನಂದ?

ಸುಳ್ಳೊಂದು ಸಿದ್ಧವಿತ್ತು. ಚೆನ್ನಾಗಿಯೇ ಇತ್ತು,
ನಿನ್ನ ಹೆಸರು, ದೇಶದ ಹೆಸರು, ಎರಡೂ ಅದರಲ್ಲಿದ್ದವು.
ಏನೂ ಅನ್ನಲಿಲ್ಲ, ಅಂದೆ.
ವೈರ್‌ಲೆಸ್ಸಿನಲ್ಲಿ ಹಾಡುತ್ತಿದ್ದ.
ಬಾಯಿ ಮುಚ್ಚೋ ಎಂದು ಕ್ಯಾಪ್ಟನ್ ಎರಡು ಸಲ ಬೈದ.
ಶ್ರುತಿ ಇರಲಿಲ್ಲ.

ಅವನಪ್ಪನ ಗಂಟಲು, ಎಂದಳು ಸಿಯಾಲಾ,
ನಕ್ಕಳು, ನಗುತ್ತಲೇ ಇದ್ದಳು,
ನಲ್ಲಿ ನಿಲ್ಲಿಸುವುದು ಮರೆತು.

ಇಳಿಯುವಾಗ ಆರನೆಯ ಮಹಡಿಯಲ್ಲಿ ಬಾಗಿಲು ತೆರೆಯಿತು.
ಹೆಗಲಿಗೆ ಶಾಲೆಚೀಲ ಜೋತುಹಾಕಿಕೊಂಡ ಹುಡುಗ,
ಮೂಗಿನ ಮೇಲೆ ಇಂಕಿನ ಚುಕ್ಕೆ.
ಮಾಮಾ, ಮೇಲಕ್ಕಾ, ಕೆಳಕ್ಕಾ?
ಒಂದು ಕ್ಷಣ ನನಗೂ ತಿಳಿಯಲಿಲ್ಲ.
ಸರಿದು, ಅವನಿಗೆ ಜಾಗ ಮಾಡಿದೆ.