ಹೆಚ್ಚುಕಡಿಮೆ

ಮಂಡಕ್ಕಿ ಭಟ್ಟಿಯ ಗೋಡೆಗೆ ಇದ್ದಿಲಿನಲ್ಲಿ ನಾಲ್ಕು ಗೀಟು,
ಐದನೆಯದು ಅಡ್ಡ.
ಚೀಲದ ಲೆಕ್ಕ. ನಮ್ಮವ್ವ ಇಮಾಂಬಿಯದು.
ಅಕ್ಷರ ಬಾರದವಳ ಆ ಗೋಡೆಯಿಂದಲೇ
ನಾನು ಎಣಿಸಲು ಕಲಿತದ್ದು
ಎಂದು ಯಾವ ಸಂದರ್ಶನದಲ್ಲೂ ಹೇಳಿಲ್ಲ.
ಅಂಕಿಅಂಶದ ಪದವಿಯ ಹೆಸರು ಹೇಳಿದ್ದೇನೆ.

ಮೊದಲ ಕೆಲಸ ಮಂಡಿಪೇಟೆಯ ಕೇಬಲ್ ಚಾನೆಲ್ಲು,
ಪಂಪ್‌ಸೆಟ್ ಅಂಗಡಿಯ ಮೇಲಿನ ಕೋಣೆ,
ಹಿಂದೆ ನೀಲಿ ಪರದೆ, ಮುಂದೆ ಒಂದೇ ಫ್ಯಾನು.
ಎಣಿಕೆಯ ದಿನ ಗೇಟಿನ ಹೊರಗೆ ನಿಂತು
ಸುತ್ತು ಸುತ್ತಿನ ಅಂಕಿ ಅಂಗೈಯಲ್ಲಿ ಬರಕೊಂಡು
ಸ್ಕೂಟಿಯಲ್ಲಿ ಹಾರಿ ಬಂದರೆ
ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿರುತ್ತಿತ್ತು.
ಗೂಡ್ಸಿನ ಐವತ್ತೆಂಟು ಡಬ್ಬಿ ದಾಟುವುದರೊಳಗೆ
ಮುಂದಿದ್ದವನು ಹಿಂದೆ, ಹಿಂದಿದ್ದವನು ಮುಂದೆ.
ಒಮ್ಮೆ ಎಂಟು ಬೆವರಿಗೆ ಮೂರಾಗಿ
ಯಾರದೋ ಐನೂರು ಮತ ನನ್ನ ಕೈಯಲ್ಲೇ ಕರಗಿದವು.

ಆಮೇಲೆ ದೊಡ್ಡ ಚಾನೆಲ್ಲು. ಮುಟ್ಟಿದರೆ ಬಣ್ಣ ಬದಲಿಸುವ ನಕ್ಷೆ.
ರಮಿಜಾ ನದಾಫ್, ಕೆಳಗೆ ಚುನಾವಣಾ ವಿಶ್ಲೇಷಕಿ.
ಬೆರಳಿಟ್ಟರೆ ಜಗಳೂರು ಉಬ್ಬುತ್ತಿತ್ತು,
ಎರಡು ಬೆರಳು ಅಗಲಿಸಿದರೆ ಹರಿಹರದ ಬೂತುಗಳು
ಚೀಲ ಹರಿದ ಹೆಸರುಕಾಳು.
ಜನರನ್ನು ಕಾಲಮ್ಮಿಗೆ ಹಾಕಿದೆ: ವಯಸ್ಸು, ಜಾತಿ,
ಮನೆಗೆ ಗ್ಯಾಸು ಬಂದಿದೆಯೋ ಇಲ್ಲವೋ.
ಒಂದು ರಾತ್ರಿ ಸ್ಯಾಂಪಲ್ ತಿದ್ದುವಾಗ ನಮ್ಮ ಓಣಿಯ ಬೂತು ಬಂತು,
ನೂರಾ ಹದಿನೇಳು.
ಹೆಂಗಸು, ಐವತ್ತು ದಾಟಿದವರು, ದಿನಗೂಲಿ, ಎಂ-ಎರಡು.
ಆ ಚೌಕದೊಳಗೆ ನಮ್ಮವ್ವ ಕೂತಿದ್ದಳು.
ಬಣ್ಣ ತುಂಬಿ ಮುಂದೆ ಹೋದೆ.

ಯಾರಿಗೆ ಹಾಕಿದೆ ಅಂತ ಫೋನಿನಲ್ಲಿ ಕೇಳಿದ್ದೆ,
ಕಸುಬಿನ ಕೆಟ್ಟ ಚಾಳಿ.
“ನಿನ್ನ ಹಡೆಯುವಾಗ ಎಷ್ಟು ನೋವಾತು ಅಂತ
ನಿಮ್ಮಪ್ಪಗೂ ಹೇಳಿಲ್ಲ, ಇದ್ನ ಹೇಳ್ತೀನೇನು?”
ಇಟ್ಟುಬಿಟ್ಟಳು.

ಆ ವರ್ಷ ನಾವು ಹೇಳಿದ್ದು ತಪ್ಪಿತು.
ಶೇಕಡಾ ಮೂರು ಹೆಚ್ಚುಕಡಿಮೆ ಅಂದಿದ್ದೆವು.
ಹೆಚ್ಚುಕಡಿಮೆಯೇ ಆಯಿತು.
ಹನ್ನೊಂದು ಗಂಟೆಗೆ ನಿರೂಪಕ ನನ್ನ ಕಡೆ ತಿರುಗಿ
ಹಲ್ಲು ಕಾಣದ ಹಾಗೆ ನಕ್ಕ:
“ಎಲ್ಲಿ ಎಡವಿದಿರಿ, ಮೇಡಂ?”
ಕಿವಿಯೊಳಗಿನ ಗುಂಡಿ ಹೇಳಿತು, ನಲವತ್ತು ಸೆಕೆಂಡು.
ನಲವತ್ತು ಸೆಕೆಂಡಿನಲ್ಲಿ ಏನು ಹೇಳಿದೆನೋ.
ಒಳಪ್ರವಾಹ ಅಂದಿರಬೇಕು,
ನಮ್ಮಲ್ಲಿ ತಿಳಿಯದ್ದಕ್ಕೆಲ್ಲ ಅದೇ ಹೆಸರು.
ಆಮೇಲೆ ಸಿಮೆಂಟಿನ ಜಾಹೀರಾತು.

ಮೂರನೆಯ ದಿನ ದಾವಣಗೆರೆಗೆ ಬಂದೆ.
ಭಟ್ಟಿಯಲ್ಲಿ ಮರಳು ಕಾದಿತ್ತು,
ಅವ್ವ ಹೊಗೆಯೊಳಗಿಂದ ತಲೆ ಎತ್ತಲಿಲ್ಲ.
ನಾನೇ ಶುರು ಮಾಡಿದೆ.
ಅನ್ನ ಬೆಂದಿದೆಯಾ ಅಂತ ತಿಳಿಯೋಕೆ
ಒಂದಗುಳು ಹಿಸುಕಿದರೆ ಸಾಕಲ್ಲವ್ವ, ನಾವು ಮಾಡೋದೂ ಅಷ್ಟೇ.
ಕಾಲೇಜಿನಿಂದ ಇದೇ ಉದಾಹರಣೆ ಕೊಟ್ಟು ಚಪ್ಪಾಳೆ ತಗೊಂಡವಳು.
“ಅನ್ನಕ್ಕೆ ಸಾಕು,” ಅಂದಳು.
“ಅದು ಒಂದೇ ನೀರಾಗ ಕೂಡಿ ಬೇಯ್ತತಿ.
ಇದು ಹಂಗಲ್ಲ, ನೋಡು,
ಒಂದೊಂದೂ ತನ್ನ ಪಾಡಿಗೆ ತಾನು ಸಿಡೀತತಿ.”
ಸಿಡಿಯದೆ ಉಳಿದವೂ ಇದ್ದವು,
ಮರಳಿನ ಬಣ್ಣಕ್ಕೆ ತಿರುಗಿ.
ಜರಡಿಗೆ ಬರುವ ತನಕ ಎಷ್ಟೆಂದು
ಅವಳೂ ಹೇಳಲಾರಳು.

ನಾನು ಕೆಲಸ ಬಿಡಲಿಲ್ಲ. ಕಥೆಯಲ್ಲಾದರೆ ಬಿಡಬೇಕಿತ್ತು.
ಉಪಚುನಾವಣೆಗೆ ಅದೇ ನಕ್ಷೆ, ಅದೇ ಬಣ್ಣ,
ಅಡಿಯಲ್ಲಿ ಇರುವೆ ಸಾಲಿನಂಥ ಅದೇ ಹೆಚ್ಚುಕಡಿಮೆ.
ಆ ಸಾಲನ್ನೀಗ ದನಿಯೆತ್ತಿ ಓದುತ್ತೇನೆ.
ಕಿವಿಯ ಗುಂಡಿಗೆ ಕಿರಿಕಿರಿ.

ಆವತ್ತು ಹೊರಟಾಗ ಬಿಸಿ ಮಂಡಕ್ಕಿಯ ಪೊಟ್ಟಣ ಕಟ್ಟಿ,
ದಾರ ಹಲ್ಲಿನಲ್ಲಿ ಕಡಿದು, ಅವ್ವ ಕೇಳಿದ್ದು ಇಷ್ಟೇ:
“ಟೀವ್ಯಾಗ ನೋಡ್ದೆ.
ಮೂರು ತಾಸು ಕುಂತಿದ್ದಿ,
ಮುಂದೇ ನೀರಿನ ಗ್ಲಾಸ್ ಇತ್ತಲ್ಲ,
ಒಂದು ಗುಟುಕೂ ಯಾಕ ಕುಡೀಲಿಲ್ಲ?”