ಆಚೆಯ ಚಿಪ್ಪು

ಕುತಾಯಿಸಿಯಲ್ಲಿ ಅಕ್ಟೋಬರ್ ಬಂತೆಂದರೆ
ಅಕ್ರೋಟಿನ ಜೊತೆಗೆ
ಮರದಿಂದ ಗಂಡಸರೂ ಉದುರುತ್ತಾರೆ.
ಈ ವಾರ ಇವನು ಮೂರನೆಯವ. ಹೆಸರು ವಾಝಾ.
ಉಗುರಿನ ಸುತ್ತ ಹಸಿ ಸಿಪ್ಪೆಯ ಕಪ್ಪು,
ಅಯೋಡಿನ್ನಿಗೂ ಜಗ್ಗದ ಕಪ್ಪು.
ಮೊಣಕಾಲ ಕೆಳಗೆ ಮೂಳೆ ಎರಡು ತುಂಡು.

ನಾನು ನಾತೆಲಾ. ಇಪ್ಪತ್ತಾರು ವರ್ಷದಿಂದ
ಡಾಕ್ಟರ್ ಗುರಾಮರ ಬಲಗಡೆ ನಿಂತವಳು.
ಕೇಳಿದ್ದನ್ನು, ಕೆಲವೊಮ್ಮೆ ಕೇಳುವ ಮೊದಲೇ,
ಅವರ ಅಂಗೈಗೆ ಇಡುವವಳು.

ಮೂಳೆಯೂ ಅಕ್ರೋಟಿನ ಹಾಗೆಯೇ ನೋಡಿ:
ಈಚೆಗೊಂದು ಚಿಪ್ಪು, ನಡುವೆ ಮೆತ್ತಗಿನ ತಿರುಳು,
ಆಚೆಗೊಂದು ಚಿಪ್ಪು.
ಬೈರಿಗೆ ಮೊದಲನೆಯದನ್ನು ಕೊರೆವಾಗ ಗೊಣಗುತ್ತದೆ,
ತಿರುಳಿಗಿಳಿದಾಗ ನಿಟ್ಟುಸಿರು,
ಎರಡನೆಯದಕ್ಕೆ ತಾಗಿದಾಗ ಸಣ್ಣಗೊಂದು ಕೀರಲು.
ಆ ಕೀರಲು ಮುರಿಯುವ ಕ್ಷಣದಲ್ಲಿ
ಕೈ ನಿಲ್ಲಬೇಕು.
ನಿಲ್ಲದಿದ್ದರೆ ಆಚೆ ಏನಿದೆಯೆಂದು
ನನ್ನನ್ನು ಕೇಳಬೇಡಿ. ಒಮ್ಮೆ ನೋಡಿದ್ದೇನೆ:
ದೀಪದ ಗಾಜಿನವರೆಗೆ ಚಿಮ್ಮಿದ ಕೆಂಪು,
ಹತ್ತೊಂಬತ್ತರ ಹುಡುಗಿಯ ಪಾದ
ನನ್ನ ಅಂಗೈಯಲ್ಲೇ ತಣ್ಣಗಾದದ್ದು.
ಕೊರೆದದ್ದು ಗುರಾಮರಲ್ಲ, ಬೇರೆಯವರು.
ಆದರೂ ಅವರು ಆ ರಾತ್ರಿ ಮನೆಗೆ ಹೋಗಲಿಲ್ಲ.

ಕೊರೆದ ಮೇಲೆ ಅಳತೆ. ತೂತಿನೊಳಗೆ ಸಪೂರ ಕೊಕ್ಕೆ ಇಳಿಸಿ
ಆಚೆ ಅಂಚಿಗೆ ಸಿಕ್ಕಿಸಿ, ಎಳೆದು, ಗೀಟು ಓದುವುದು.
ಕೊಕ್ಕೆ ಜಾರುತ್ತದೆ. ರಕ್ತದಲ್ಲಿ ಗೀಟು ಮುಳುಗುತ್ತದೆ.
"ಮೂವತ್ತಾರು."
"ಮೂವತ್ತಾರು," ಎಂದು ನಾನು.
"ಅಲ್ಲ, ತಾಳು." ಮತ್ತೆ ಕೊಕ್ಕೆ.
ಉದ್ದದ ತಿರುಪು ವರ್ಷಗಟ್ಟಲೆ ಚರ್ಮದಡಿ ಚುಚ್ಚುತ್ತದೆ,
ಗಿಡ್ಡದ್ದು ಹಿಡಿಯುವುದಿಲ್ಲ.
ಎರಡು ಮಿಲಿಮೀಟರಿನಲ್ಲಿ ಒಬ್ಬನ ನಡಿಗೆ.

ಈಗ ಹೇಳುತ್ತೇನೆ, ಯಾರಿಗೂ ಹೇಳದ್ದು.
ಗುರಾಮರಿಗೆ ಕಿವಿ ಮಂದವಾಗಿ ಎರಡು ವರ್ಷ.
ದೊಡ್ಡ ಮಾತು ಕೇಳಿಸುತ್ತದೆ, ಬೈಗುಳ ಕೇಳಿಸುತ್ತದೆ,
ಸಣ್ಣ ಕೀರಲು ಕೇಳಿಸುವುದಿಲ್ಲ.
ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನು ಕೇಳಲಿಲ್ಲ.
ಒಂದು ದಿನ ಸದ್ದು ಬದಲಾದರೂ
ಅವರ ಮಣಿಕಟ್ಟು ಬದಲಾಗಲಿಲ್ಲ.
ಮೇಜಿನಡಿ ನನ್ನ ಕಾಲು ತಾನಾಗಿ ಹೋಗಿ
ಅವರ ಬೂಟನ್ನು ಮೆಟ್ಟಿತು. ಬೈರಿಗೆ ನಿಂತಿತು.
ಅಂದಿನಿಂದ ಹಾಗೆಯೇ.
ಎಷ್ಟು ಮೂಳೆ, ಎಷ್ಟು ತೂತು, ಲೆಕ್ಕವಿಟ್ಟಿಲ್ಲ.
ಕೈ ಅವರದು, ಕಿವಿ ನನ್ನದು.
ಸರಿಯೋ ತಪ್ಪೋ, ಪಾದ್ರಿಯ ಮುಂದೆಯೂ ಉಸಿರೆತ್ತಿಲ್ಲ.

ಹೊಸ ಬೈರಿಗೆ ಬಂದದ್ದು ಈ ಸೋಮವಾರ.
ಎರಡು ವರ್ಷ ಅರ್ಜಿ ಬರೆದು
ಅವರೇ ಹಟ ಹಿಡಿದು ತರಿಸಿದ್ದು.
ಬೆನ್ನ ಮೇಲೆ ಬೆಂಕಿಪೊಟ್ಟಣದಷ್ಟು ಪರದೆ.
ಒಳಗೇ ಅಳೆಯುತ್ತದಂತೆ:
ಎಲ್ಲಿ ಗಟ್ಟಿ, ಎಲ್ಲಿ ಸಡಿಲ, ಎಷ್ಟು ಆಳ.
ಆಚೆಯ ಚಿಪ್ಪು ಬಿರಿದೊಡನೆ ತಾನೇ ನಿಲ್ಲುತ್ತದಂತೆ.
ಅಂತೆ, ಅಂತೆ ಎಂದುಕೊಳ್ಳುತ್ತಲೇ ತಟ್ಟೆಯಲ್ಲಿ ಜೋಡಿಸಿದೆ.
ಹಳೆಯ ಕೊಕ್ಕೆಯನ್ನೂ ಪಕ್ಕದಲ್ಲಿಟ್ಟೆ.

ವಾಝಾನ ಮೂಳೆ. ಗೊಣಗು. ನಿಟ್ಟುಸಿರು. ಕೀರಲು.
ನನ್ನ ಕಾಲು ಎದ್ದಿತು.
ಇಳಿಯುವ ಮೊದಲೇ ಬೈರಿಗೆ ನಿಂತಿತ್ತು.
ಪರದೆಯಲ್ಲಿ ನೀಲಿ ಅಂಕಿ: 38.
ಕೊಕ್ಕೆ ತಟ್ಟೆಯಲ್ಲೇ ಇತ್ತು, ಒದ್ದೆಯಾಗದೆ.

ಸಂತೋಷವಾಗಬೇಕಿತ್ತು. ಆಯಿತು ಕೂಡ.
ಜೊತೆಗೆ, ಏನೆನ್ನಲಿ,
ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆಯೆಂದು ಇಟ್ಟ ಹೆಜ್ಜೆ
ನೆಲಕ್ಕೇ ತಾಗಿ ಹಲ್ಲು ಕುಲುಕಿದ ಹಾಗೆ.

ಗುರಾಮರು ಅಂಕಿ ನೋಡಿದರು.
ಅವರ ಕಣ್ಣಿಗೇನೂ ಮಂದವಿಲ್ಲ.
ಆದರೂ ಮುಖಗವಸಿನೊಳಗಿಂದ ಎಂದಿನ ಗಡಸು ದನಿ:
"ನಾತೆಲಾ, ಎಷ್ಟು?"
"ಮೂವತ್ತೆಂಟು," ಅಂದೆ,
ಗೋಡೆಗೂ ಕೇಳುವಷ್ಟು ಗಟ್ಟಿಯಾಗಿ.
ತಿರುಪು ಕೊಟ್ಟೆ.
ಮೇಜಿನಡಿ ಅವರ ಬೂಟು ಬಂದು
ನನ್ನ ಕಾಲನ್ನು ಮೆಲ್ಲಗೆ ಮೆಟ್ಟಿತು, ಒಮ್ಮೆ.

ಇನ್ನೂ ಐದು ತೂತು ಬಾಕಿ ಇತ್ತು.