ಮೂಲ ಪುರುಷ

ಸಾಗರದ ತಾಲೂಕು ಕಚೇರಿ ಎದುರು
ನನ್ನದೊಂದು ಜೆರಾಕ್ಸ್ ಅಂಗಡಿ.
ಹದಿನೆಂಟು ವರ್ಷದಿಂದ ಕಂಡವರ ಪಹಣಿ, ಕ್ರಯಪತ್ರ,
ಸತ್ತವರ ಸರ್ಟಿಫಿಕೇಟು, ಇದ್ದವರ ಪಡಿತರ ಚೀಟಿ
ದೋಸೆಯ ಹಾಗೆ ಮಗುಚಿ ಹಾಕಿದ್ದೇನೆ
ಹಸಿರು ಬೆಳಕಿನ ಮೇಲೆ.
ನಮ್ಮ ಮನೆಯದೊಂದು ಕಾಗದ
ಈ ಗಾಜಿನ ಮೇಲೆ ಮಲಗಿದ್ದಿಲ್ಲ.

ಅರಣ್ಯ ಹಕ್ಕಿನ ಅರ್ಜಿಗೆ
ಮೂರು ತಲೆಮಾರಿನ ಪುರಾವೆ ಬೇಕಂತೆ.
ಚಿಕ್ಕಪ್ಪ ಕವಳ ಉಗಿದು ಬಂದು ಹೇಳಿದ:
"ಪುರಾವೆ ಎಂತಕ್ಕೆ?
ಗುತ್ಯಜ್ಜ ಕಾನು ಕಡಿದು ಗದ್ದೆ ಮಾಡಿದ್ದು
ಹುರುಳಿಬೈಲಿನ ಕಲ್ಲಿಗೂ ಗೊತ್ತು."

ಕಲ್ಲಿಗೆ ಗೊತ್ತಿರುವುದು ನಮಗೂ ಗೊತ್ತು:
ಒಂದು ಕೊಡಲಿ, ಒಂದು ತಾಮ್ರದ ಚರಿಗೆ,
ನಂದಿಮರದ ಬುಡದಲ್ಲಿ ಎದುರಾದ ಹುಲಿ.
ಪ್ರತಿ ಭೂಮಿ ಹುಣ್ಣಿಮೆಗೆ ಆ ಹುಲಿ
ಒಂದೊಂದು ಮೊಳ ಉದ್ದವಾಗುತ್ತ ಬಂದಿದೆ.

ರೆಕಾರ್ಡು ರೂಮಿನ ಫಾಲಾಕ್ಷಪ್ಪ
ಮೂರು ವಾರ ಅಲೆಸಿದರು. ನಾಲ್ಕನೇ ವಾರ
ಗೆದ್ದಲು ತಿಂದು ಬಿಟ್ಟ ಒಂದು ಕಟ್ಟು ತಂದು
ಮೇಜಿನ ಮೇಲೆ ಕುಕ್ಕಿದರು.
ದೂಳು ಎದ್ದು ಇಬ್ಬರೂ ಸೀನಿದೆವು.

'ಗುತ್ಯ ಬಿನ್ ಕೆರಿಯ. ದರಖಾಸ್ತು.
ಹನ್ನೆರಡು ಗುಂಟೆ.' ಪಕ್ಕದಲ್ಲಿ
ಹೆಬ್ಬೆಟ್ಟು, ದೊಡ್ಡದು, ಶಾಯಿ ಹೆಚ್ಚಾಗಿ ಕಲಸಿದ್ದು.
ಮರುವರ್ಷದ ಷರಾದಲ್ಲಿ ಒಂದೇ ಸಾಲು:
'ಸದರಿ ಆಸಾಮಿ ಜ್ವರಗಡ್ಡೆಯಿಂದ ಫೌತಿ.
ಹೂವಿ ಕೋಂ ಗುತ್ಯ ಹಾಜರ್.'
ಹುಲಿಯ ಸುದ್ದಿ ಇಲ್ಲ.

ಹನ್ನೊಂದೇ ತಿಂಗಳು.
ನಮ್ಮಜ್ಜ ಕನ್ನಪ್ಪ ಆಗಿನ್ನೂ ಹೊಟ್ಟೆಯಲ್ಲಿ.

ಆಮೇಲಿನ ಇಪ್ಪತ್ತೆರಡು ರಸೀದಿಗಳಲ್ಲೂ
ಕಂದಾಯ ಕಟ್ಟಿದವನು ಗುತ್ಯ.
ಸತ್ತವನು ವರ್ಷ ವರ್ಷವೂ ಬಂದು,
ಅಷ್ಟು ದೂರ ಕಾಡುದಾರಿ ನಡೆದು ಬಂದು,
ಒಂದು ರೂಪಾಯಿ ಎರಡಾಣೆ ಎಣಿಸಿ
ಹೆಬ್ಬೆಟ್ಟೊತ್ತಿ ಹೋಗಿದ್ದಾನೆ.
ಹನ್ನೆರಡು ಗುಂಟೆ ಒಂದೆಕರೆ ಆಗಿದೆ,
ಒಂದೆಕರೆ, ಎರಡು ಎಕರೆ ಮೂವತ್ತು ಗುಂಟೆ.
ಹೆಬ್ಬೆಟ್ಟು ಮಾತ್ರ ಸಣ್ಣದು.
ನಡುವೆ ಓರೆಯಾಗಿ ಒಂದು ಬಿಳಿ ಗೀಟು,
ಕತ್ತಿಯೋ ಕೊಡಲಿಯೋ ತಾಗಿದ್ದು.
ಒಂಬತ್ತನೇ ವರ್ಷದಿಂದ ಎರಡು ಗೀಟು.

ಆ ವರ್ಷ ಯಾವ ಮರ ಬಿತ್ತು?
ಮಗುವನ್ನು ಯಾವ ನೆರಳಲ್ಲಿ ಮಲಗಿಸಿದ್ದಳು?
ನಮ್ಮ ಮನೆಯಲ್ಲಿ ಯಾರೂ ಇವಳ ಹೆಸರಿಡಲಿಲ್ಲ.
ಗುತ್ಯಪ್ಪಂದಿರು ಮೂವರಿದ್ದಾರೆ.

ಅಂಗಡಿಗೆ ತಂದು ಇನ್ನೂರು ಪರ್ಸೆಂಟಿಗೆ ಏರಿಸಿದೆ.
ಮತ್ತೆ ಏರಿಸಿದೆ. ಹಾಳೆ ತುಂಬ ಅವಳ ಹೆಬ್ಬೆಟ್ಟು:
ಮಕ್ಕಿ ಗದ್ದೆಯ ಅಂಚಿನ ಮೇಲೆ ಅಂಚು, ಸುತ್ತಿ ಸುತ್ತಿ,
ಆ ಗಾಯ, ನೀರು ಬಿಡಲು ಕಡಿದ ಕಂಡಿ.
ನನ್ನದನ್ನು ಪಕ್ಕಕ್ಕಿಟ್ಟು ನೋಡಿದೆ. ಏನೂ ಹೋಲುವುದಿಲ್ಲ.
ನನ್ನದು ಟೋನರ್ ಪುಡಿಗೆ ಸವೆದು
ನ್ಯಾಯಬೆಲೆ ಅಂಗಡಿಯ ಯಂತ್ರವೇ ಒಪ್ಪುವುದಿಲ್ಲ,
ಪ್ರತಿ ತಿಂಗಳು ತಮ್ಮನನ್ನು ಕಳಿಸುತ್ತೇನೆ.

ವಂಶವೃಕ್ಷದ ನಮೂನೆಯಲ್ಲಿ ಮೇಲಿನ ಚೌಕ:
'ಮೂಲ ಪುರುಷ'.
ನೀಲಿ ಪೆನ್ನಲ್ಲಿ ಬರೆದೆ: ಹೂವಿ.
ಕೋಂ ಎಂದು ಬರೆಯಲು ಹೋಗಿ ನಿಲ್ಲಿಸಿದೆ.

ಚಿಕ್ಕಪ್ಪ ಒಂದು ವಾರ ಮಾತು ಬಿಟ್ಟ.
ಗ್ರಾಮ ಲೆಕ್ಕಿಗರು ಕನ್ನಡಕ ಏರಿಸಿ ನೋಡಿ
"ಇದು ನಡೆಯೋದಿಲ್ಲ ಅಕ್ಕಾ, ಅರ್ಜಿ ವಜಾ ಆಗ್ತದೆ,
ಗುತ್ಯ ಅಂತಲೇ ಹಾಕಿ" ಎಂದರು,
ಕೆಟ್ಟವರೇನಲ್ಲ, ಪೆನ್ನಿನ ಮುಚ್ಚಳ ತೆಗೆದರು.

"ಒಂದು ನಿಮಿಷ" ಎಂದು ಹಾಳೆ ಕಿತ್ತುಕೊಂಡೆ,
ರಸ್ತೆ ದಾಟಿದೆ, ಗಾಜಿನ ಮೇಲೆ ಮಲಗಿಸಿದೆ.
ಹಸಿರು ಬೆಳಕು ಆ ಬದಿಯಿಂದ ಈ ಬದಿಗೆ
ನಿಧಾನ ಉಳುತ್ತ ಹೋಯಿತು.

ಬಿಸಿ ಬಿಸಿ ಪ್ರತಿ ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ.
ಅಸಲನ್ನು ಮರಳಿ ಕೊಟ್ಟೆ.
ಅವರು ಗೀಟು ಹಾಕಿದರು.
ಓರೆಯಾಗಿ.